ಏಳನೇ ಹಾಸಿಗೆಯ ಪ್ಲೇಟು

ಲ್ಯಾಬಿನಿಂದ
ಮಂಗಳವಾರ, ಬೆಳಿಗ್ಗೆ ಎಂಟೂವರೆ

ಮುದ್ದು ಮಗಳೇ,

ಮೇಲಿನ ಮಹಡಿಯ ವಾರ್ಡಿನಲ್ಲೇ ಇರುವ ಡಾಕ್ಟರಮ್ಮನಿಗೆ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಾದರೆ 'ಹೋಗ್ಲಿ ಬಿಡಮ್ಮ' ಎಂದು ಅರ್ಧಕ್ಕೇ ಮುಗಿಸಿಬಿಡುತ್ತೀಯ. ಇದು ಹಾಗೆ ಬಿಡುವ ವಿಷಯವಲ್ಲ.

ನಮ್ಮ ಬ್ಯಾಕ್ಟೀರಿಯಾ ಲ್ಯಾಬಿಗೆ ಯಾವ ಯಂತ್ರ ಬೇಕೆಂದು ಹನ್ನೊಂದು ಗಂಟೆಯ ಸಭೆ ತೀರ್ಮಾನಿಸುತ್ತದೆ. ಒಂದು ಯಂತ್ರ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿಗೆ ರೋಗಿಯ ಮಾದರಿ ಹಚ್ಚಿ, ಕಾವು ಕೊಟ್ಟು, ಓದುವ ಕೆಲಸ ನಮಗೇ ಬಿಡುತ್ತದೆ. ಇನ್ನೊಂದು ಕ್ಯಾಮೆರಾದಿಂದ ತಾನೇ ಓದುತ್ತದೆ. ತಿಂಗಳಿಡೀ ಎರಡನ್ನೂ ಪರೀಕ್ಷೆಗೆ ಇಟ್ಟಿದ್ದೆವು. ವಾರ್ಡಿಗೆ ಹೋಗುತ್ತಿದ್ದುದು ನನ್ನ ಓದು, ಯಂತ್ರದ್ದು ಹೋಲಿಕೆಯ ಪುಸ್ತಕಕ್ಕೆ ಮಾತ್ರ. ಓದುವ ಯಂತ್ರ ಬಂದ ದಿನದಿಂದ ನನಗದು ಸವತಿಯ ಹಾಗೆ, ಕಂಡರಾಗದು. ಅದು ಹನ್ನೆರಡು ಕಡೆ ತಪ್ಪಿದೆ, ಬೇಡ ಎಂದು ವರದಿ ಬರೆದು ಕೊಟ್ಟಾಗಿದೆ.

ಹನ್ನೆರಡನೆಯದು ನಿನ್ನ ಏಳನೇ ಹಾಸಿಗೆಯ ಬಸ್ ಚಾಲಕನ ರಕ್ತದ ಪ್ಲೇಟು. ಔಷಧದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬಯಲು ದೊಡ್ಡದಿದ್ದರೆ ಆ ಔಷಧ ನಾಟುತ್ತದೆ. ಶುಕ್ರವಾರ ನಾನು ಸ್ಕೇಲಿಟ್ಟು ಇಪ್ಪತ್ತೊಂದು ಮಿಲಿಮೀಟರ್ ಎಂದೆ. ಯಂತ್ರ ಹದಿನಾಲ್ಕು ಎಂದಿತು, ಅಂದರೆ ನಾಟುವುದಿಲ್ಲ. ಪಕ್ಕದ ಬೆಂಚಿನವಳು ಇಣುಕಿ, 'ಅಕ್ಕಾ, ನಂಗೂ ಹದಿನಾಲ್ಕೇ ಕಾಣ್ತಿದೆ' ಎಂದಳು. ಮೊದಲು ಕನ್ನಡಕ ಒರೆಸಿಕೋ ಎಂದು ಅವಳ ಬಾಯಿ ಮುಚ್ಚಿಸಿದೆ. ಎರಡು ದಿನವಾದರೂ ಅವನ ಜ್ವರ ಇಳಿದಿಲ್ಲವೆಂದು ನೀನು ಫೋನ್ ಮಾಡಿದಾಗ, ಇಪ್ಪತ್ತಾರು ವರ್ಷದಲ್ಲಿ ನನ್ನ ಸ್ಕೇಲು ಸುಳ್ಳು ಹೇಳಿಲ್ಲ ಎಂದೆ. ನೀನು ನಂಬಿ ಅದೇ ಔಷಧ ಮುಂದುವರಿಸಿದೆ.

ನಿನ್ನೆ ಆ ಪ್ಲೇಟನ್ನು ಭೂತಗನ್ನಡಿಯ ಕೆಳಗಿಟ್ಟೆ. ಬಯಲಿನೊಳಗೆ ಮಂಜಿನಂಥ ತೆಳು ಬೆಳೆ, ಹದಿನಾಲ್ಕರ ತನಕ. ಆರು ತಿಂಗಳಿಂದ ನನ್ನ ಕಣ್ಣಿಗೆ ಎಲ್ಲವೂ ಮಂಜೇ. ಪೊರೆ ಬಂದಿದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದನ್ನು ನಿನ್ನಿಂದಲೂ ಮುಚ್ಚಿಟ್ಟೆ. ಕಣ್ಣು ಹೋಯಿತೆಂದರೆ ಬೆಂಚೂ ಹೋಗುತ್ತದೆ ಎಂಬ ಭಯ. ತಿದ್ದಿದ ವರದಿ ಕಳಿಸಿದೆ, ಕಾರಣ ಬರೆಯಲಿಲ್ಲ. ನೀನು ಔಷಧ ಬದಲಿಸಿದೆ. ಆದರೆ ವ್ಯರ್ಥವಾದ ಮೂರು ದಿನಕ್ಕೆ ನಿನ್ನ ಮುಖ್ಯಸ್ಥರು ನಿನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದಾರಂತೆ. ಚಾಲಕನ ಜ್ವರ ಇನ್ನೂ ನೂರಾಮೂರು. ಅವನ ಹೆಂಡತಿ ಈಗಷ್ಟೇ ಲ್ಯಾಬಿನ ಕಿಟಕಿಗೆ ಬಂದು, ಈ ಸಲದ ರಿಪೋರ್ಟು ಸರಿಯಿದೆಯಲ್ಲ ಎಂದು ಕೇಳಿದಳು. 

ಉಳಿದ ಹನ್ನೊಂದು ಪ್ಲೇಟುಗಳನ್ನೂ ಪಕ್ಕದ ಬೆಂಚಿನವಳಿಂದ ಮತ್ತೆ ಓದಿಸಿದೆ. ನಾಲ್ಕು ಯಂತ್ರದ ತಪ್ಪು, ಏಳು ನನ್ನವು. ಆ ಏಳು ಪ್ಲೇಟುಗಳ ವಾರ್ಡುಗಳಿಗೂ ಈಗ ತಪ್ಪು ಯಾರದೆಂದು ಬರೆದೇ ತಿದ್ದುಪಡಿ ಹೋಗಿದೆ. ಸಭೆಯಲ್ಲಿ ನನ್ನ ವರದಿ ಹಿಂತೆಗೆದುಕೊಳ್ಳುತ್ತೇನೆ. ಓದುವ ಯಂತ್ರವನ್ನೇ ತನ್ನಿ, ಅದರ ಓದಿಗೂ ನಮ್ಮ ಓದಿಗೂ ತಾಳೆಯಾಗದ ಪ್ಲೇಟನ್ನು ಇನ್ನೊಬ್ಬರು ನೋಡಲಿ ಎನ್ನುತ್ತೇನೆ. ಮೂರು ದಿನದ ಹೊಣೆ ನನ್ನದೆಂದು ನಿನ್ನ ಮುಖ್ಯಸ್ಥರ ಎದುರೇ ಹೇಳುತ್ತೇನೆ. ಹೆದರಿಕೆಯಾಗುತ್ತಿದೆ, ಮಗಳೇ. ಬೈದರೂ ಸರಿ, ನನ್ನ ಹತ್ತಿರ ಮಾತು ಬಿಡಬೇಡ.

ನಿನ್ನ
ಅಮ್ಮ

ಮತ್ತೊಂದು ಮಾತು: ಅಕ್ಷರ ನನ್ನದಲ್ಲವೆಂದು ನಿನಗೆ ಮೊದಲ ಸಾಲಿಗೇ ಗೊತ್ತಾಗಿರುತ್ತದೆ. ಗೆರೆ ಕಾಣದೆ ಮೂರು ಹಾಳೆ ಹರಿದು ಹಾಕಿದೆ. ನಾನು ಹೇಳುತ್ತಿದ್ದೇನೆ, ಪಕ್ಕದ ಬೆಂಚಿನವಳು ಬರೆಯುತ್ತಿದ್ದಾಳೆ. ಕನ್ನಡಕದ ಸಾಲು ಬೇಡ ಅಕ್ಕಾ ಎಂದಳು, ಬರಿ ಎಂದೆ. ಸಹಿ ಮಾತ್ರ ನನ್ನದು. ಗೆರೆಯ ಮೇಲೆ ಕೂತಿದೆಯೋ ಇಲ್ಲವೋ, ನೀನೇ ನೋಡಿ ಹೇಳು.