ಇನ್ನು ಮಡಚದ ಕಂಬಿ

ತೋಟದ ಮನೆ,
ಅಕ್ಟೋಬರ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಯಜಮಾನರು ಎಂದು ಕರೆದದ್ದಕ್ಕೆ ನೀವು ಮುಖ ಸಿಂಡರಿಸಿಕೊಳ್ಳುತ್ತೀರಿ ಎಂದು ಗೊತ್ತು. ಇರಲಿ, ಮನೆ ಬಿಟ್ಟು ಪಟ್ಟಣದ ಅಕ್ಕನ ಮನೆಯಲ್ಲಿ ಇರುವವರಿಗೆ ಮರ್ಯಾದೆ ಸ್ವಲ್ಪ ಹೆಚ್ಚೇ ಕೊಡಬೇಕು. ಕಾಲು ಹೇಗಿದೆ? ಪ್ಲಾಸ್ಟರ್ ಬಿಚ್ಚಿದ ಮೇಲೆ ಮಂಡಿ ಸರಿಯಾಗಿ ಬಾಗುತ್ತಿಲ್ಲವಂತೆ, ವ್ಯಾಯಾಮ ಮಾಡಿಸಲು ಬರುವಾಕೆಯ ಮೇಲೆ ನೀವು ದಿನಾ ರೇಗುತ್ತೀರಂತೆ. ಅತ್ತಿಗೆ ಫೋನಿನಲ್ಲಿ ಎಲ್ಲದರ ವರದಿ ಒಪ್ಪಿಸುತ್ತಾರೆ, ನಿಮ್ಮ ಗುಟ್ಟು ಒಂದೂ ಉಳಿದಿಲ್ಲ. ನೋವಾಗುವುದು ನಿಜ, ಆದರೆ ಆ ಪಾಪದ ಹೆಂಗಸು ನಿಮ್ಮ ಮಂಡಿಯನ್ನು ಬಾಗಿಸದಿದ್ದರೆ ನಾಳೆ ನಮ್ಮ ಮನೆಯ ಮೆಟ್ಟಿಲು ಹತ್ತಿಸುವವರು ಯಾರು? ಮಾತ್ರೆಯನ್ನು ಊಟದ ಮೇಲೆಯೇ ತೆಗೆದುಕೊಳ್ಳಿ. ಅತ್ತಿಗೆಯ ಅಡುಗೆಯನ್ನು ಎಲ್ಲರೆದುರು ಹೊಗಳಿ, ಅಕ್ಕನಾದರೂ ಅವರಿಗೂ ಹೊಗಳಿಕೆ ಬೇಕು. ಇಲ್ಲಿ ನಿಮ್ಮ ಅಮ್ಮ, ನಾನು ಇಬ್ಬರೂ ಕ್ಷೇಮ. ನಮ್ಮ ಕೈಕಾಲುಗಳು ಇರಬೇಕಾದಲ್ಲೇ ಇವೆ. ಮುಂದೆ ಓದುವಾಗ ಇದೊಂದು ಮಾತು ನೆನಪಿಟ್ಟುಕೊಳ್ಳಿ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳುವುದು ಹೇಗೆ? ನಾನು ಬಾಯಿ ತೆರೆದರೆ ಸಾಕು, "ಟ್ರ್ಯಾಕ್ಟರ್ ಮುಟ್ಟಿಲ್ಲ ತಾನೇ?" ಎಂದು ಶುರುಮಾಡುತ್ತೀರಿ. ಪತ್ರದಲ್ಲಿ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ. ಬೇಸಿಗೆಯ ಕೊನೆಯಲ್ಲಿ ಆ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಮಗುಚಿ ನಿಮ್ಮ ಕಾಲು ಮುರಿದ ದಿನದಿಂದ ನೀವು ಹೇಳುತ್ತಿರುವುದು ಒಂದೇ ಮಾತು, ತೋಟವನ್ನು ಕೆಳರಸ್ತೆಯ ಗೋದಾಮಿನವರಿಗೆ ಮಾರಿಬಿಡೋಣ ಎಂದು. ನಾನು ಬೇಡವೆಂದೆ, ನೀವು ಬೇಕೆಂದಿರಿ, ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಈ ಸಲದ ಸೇಬು ಲಾರಿ ಬರುವ ಹೊತ್ತಿಗೆ ಗೇಟಿಗೆ ಇಳಿದರೆ ತೋಟ ನಮ್ಮದು, ಇಳಿಯದಿದ್ದರೆ ಗೋದಾಮಿನವರದು. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಇಳಿಯುವುದಿಲ್ಲ ಎಂದೇ. ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ನಾನು ಯಾರಿಗೂ ಹೇಳಲಿಲ್ಲ, ಹೇಳುವಷ್ಟು ಧೈರ್ಯ ಇರಲಿಲ್ಲ.

ಕೊಯ್ಲಿನ ಮೊದಲ ವಾರವೆಲ್ಲ ಕಪ್ಪೆಯದೇ ಕಾರುಬಾರು. ನೀವು ನಾಲ್ಕು ಚಕ್ರದ ಆ ಹಸಿರು ಬೈಕನ್ನು ಮನೆಗೆ ತಂದ ದಿನ ಅತ್ತೆ ಹೊಸ್ತಿಲಲ್ಲಿ ನಿಂತು "ಇದೇನೋ ಇದು, ಕಪ್ಪೆ ಕೂತ ಹಾಗೆ ಕೂತಿದೆ" ಎಂದು ಮೂಗು ಮುರಿದಿದ್ದರಲ್ಲ, ಈಗ ಅದನ್ನು ಒರೆಸಿ, ತೊಳೆದು, ಅದರ ಸೀಟಿಗೆ ಹಳೆಯ ಬೆಡ್‌ಶೀಟು ಹೊದಿಸಿ ಮಲಗಿಸುವವರು ಅವರೇ. ಮನೆಯ ಮೇಲ್ಬದಿಯ ಕಿರಿದಾದ ತೋಟದ ಪಟ್ಟಿಗಳಿಗೆ ಅದು ಹೇಳಿ ಮಾಡಿಸಿದ ಬಂಡಿ. ಹಣ್ಣು ಕೀಳುವ ಹೆಂಗಸರು ಕ್ರೇಟು ತುಂಬಿಸಿ ಸಾಲಿನ ಕೊನೆಯಲ್ಲಿಡುತ್ತಿದ್ದರು, ನಾನು ಕಪ್ಪೆಯ ಬಾಲಕ್ಕೆ ಚಿಕ್ಕ ಗಾಡಿ ಸಿಕ್ಕಿಸಿ ತಂದು ಗೇಟಿನ ಬಳಿ ಇಳಿಸುತ್ತಿದ್ದೆ. ಹೆಲ್ಮೆಟ್ ಹಾಕಿಕೊಂಡೇ ಹೋಗುತ್ತಿದ್ದೆ, ಆ ಬಗ್ಗೆ ಕೇಳಬೇಡಿ. ನೀರಿನ ಪೈಪು, ಏಣಿ, ಬೇಲಿಗೆ ಬೇಕಾದ ಗೂಟ, ಮಧ್ಯಾಹ್ನದ ಊಟದ ಡಬ್ಬಿ ಎಲ್ಲವೂ ಅದರ ಬೆನ್ನೇರಿ ಹೋದವು. ಅತ್ತೆಯೂ ಒಂದು ದಿನ ಅಂಗಳದಲ್ಲಿ ಒಂದು ಸುತ್ತು ಹೊಡೆದರು. ಮಗನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾರೆ, ಆದ್ದರಿಂದ ನಾನು ಹೇಳಿಲ್ಲ, ನೀವೂ ಓದಿಲ್ಲ.

ಆದರೆ ಚರಂಡಿಯ ಆಚೆಗಿನ ಇಳಿಜಾರು ಹಾಗೇ ಉಳಿದಿತ್ತು. ಅರ್ಧಕ್ಕಿಂತ ಹೆಚ್ಚು ಹಣ್ಣು ಇರುವುದು ಅಲ್ಲೇ. ಅಲ್ಲಿ ತುಂಬುವುದು ಮರದ ದೊಡ್ಡ ಪೆಟ್ಟಿಗೆಗಳಿಗೆ, ಅವನ್ನು ಎತ್ತಲು ಟ್ರ್ಯಾಕ್ಟರಿನ ಹಿಂದಿನ ಎರಡು ಹಲ್ಲಿನ ಫೋರ್ಕೇ ಬೇಕು. ಬಾಡಿಗೆ ಡ್ರೈವರೊಬ್ಬ ಬಂದು ಇಳಿಜಾರನ್ನೂ ನೋಡಿದ, ನಿಮ್ಮ ಕಥೆಯನ್ನೂ ಕೇಳಿದ, ಟೀ ಕುಡಿದು ಹೋದವನು ಮತ್ತೆ ಇತ್ತ ತಲೆ ಹಾಕಲಿಲ್ಲ. ನಾನೇ ಓಡಿಸೋಣವೆಂದರೆ ಷೆಡ್ಡಿನ ಬೀಗದ ಕೈ ಅತ್ತೆಯ ಕನ್ನಡಕದ ದಾರಕ್ಕೆ ಸೇರಿಕೊಂಡಿತ್ತು. ನಮ್ಮ ಸ್ಪ್ಯಾನರ್ ಮಾಮ ಬಂದು ಟ್ರ್ಯಾಕ್ಟರ್ ರಿಪೇರಿ ಮುಗಿಸಿ ಹೋದ ಕೂಡಲೇ ಬೀಗ ಜಡಿದು ಅದರ ಕೈಯನ್ನು ಕೊರಳಿಗೆ ಕಟ್ಟಿಕೊಂಡವರು ಅವರು. ಕೇಳಿದರೆ "ಒಬ್ಬನ್ನ ತಿಂದದ್ದು ಸಾಲದಾ ಅದಕ್ಕೆ?" ಎನ್ನುತ್ತಿದ್ದರು. ಬಡಿಸಲು ಬಗ್ಗಿದಾಗಲೆಲ್ಲ ಆ ಬೀಗದ ಕೈ ತಟ್ಟೆಗೆ ಟಣ್ ಎಂದು ಬಡಿಯುತ್ತಿತ್ತು. ನಾವಿಬ್ಬರೂ ಅದು ಕೇಳಿಸದವರಂತೆ ಊಟ ಮಾಡುತ್ತಿದ್ದೆವು.

ಸರಿ, ಇಳಿಜಾರಿಗೂ ಕಪ್ಪೆಯನ್ನೇ ಒಯ್ದೆ. ಲಾರಿಗೆ ಉಳಿದದ್ದು ನಾಲ್ಕೇ ದಿನ, ಒಂದೊಂದು ಸಲಕ್ಕೆ ಇನ್ನೆರಡು ಕ್ರೇಟು ಹೆಚ್ಚು ಹೇರಿದರೆ ಆದೀತು ಎಂದು ಆಸೆಬಿದ್ದೆ. ಇಳಿಯುವಾಗ ಅರ್ಧ ದಾರಿಯಲ್ಲಿ ಹಿಂದಿನ ಗಾಡಿ ನನ್ನನ್ನು ನೂಕತೊಡಗಿತು. ಬ್ರೇಕ್ ಹಿಡಿದಷ್ಟೂ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರತೊಡಗಿತು. ಜೀವ ಬಾಯಿಗೆ ಬಂತು ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ ಎಂದು ಆವತ್ತು ತಿಳಿಯಿತು. ಬ್ರೇಕ್ ಸಡಿಲಿಸಿ, ಮುಂದಿನ ಚಕ್ರಗಳನ್ನು ನೇರವಾಗಿ ಕೆಳಮುಖಕ್ಕೆ ತಿರುಗಿಸಿದೆ. ಅದು ಓಡಿ ಓಡಿ ಬೇಲಿಯ ಬಳಿಯ ಸಮತಟ್ಟಿನಲ್ಲಿ ನಿಂತಿತು. ಹಣ್ಣು ಚೆಲ್ಲಾಪಿಲ್ಲಿ, ನನಗೆ ಒಂದು ಗೀರೂ ಇಲ್ಲ. ತಲೆ ಎತ್ತಿ ನೋಡಿದರೆ ಚರಂಡಿಯ ಈಚೆ ಅತ್ತೆ ನಿಂತಿದ್ದರು. ಮೊದಲಿಂದ ಕೊನೆಯವರೆಗೆ ನೋಡಿದ್ದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಬಂದು ಒಂದೊಂದೇ ಹಣ್ಣನ್ನು ಸೆರಗಿಗೆ ಒರೆಸಿ ಕ್ರೇಟಿಗೆ ಹಾಕಿದರು.

ಮಧ್ಯಾಹ್ನದ ಊಟವಾದ ಮೇಲೆ ಅವರು ಕೊಂಬೆ ಕೊಯ್ಯುವ ಗರಗಸ ಹಿಡಿದು ಹೊರಟರು. ಹಿಂದೆಯೇ ಹೋದೆ. ಷೆಡ್ಡಿನಿಂದ ಇಳಿಜಾರಿಗೆ ಹೋಗುವ ದಾರಿಯ ಮೇಲೆ ಬಾಗಿಕೊಂಡಿರುವ ಮಾವನವರ ಮರಗಳ ಕೆಳಗೆ ನಿಂತರು. ಈ ಮರಗಳ ವಿಷಯ ನಿಮಗೆ ಹೇಳಬೇಕಾಗಿಲ್ಲ. ಮಾವ ತಮ್ಮ ಕೈಯಾರೆ ನೆಟ್ಟ ಮೊದಲ ಸಾಲು. ಅವರು ಹೋದ ಮೇಲೆ ಅದರ ಒಂದು ಕೊಂಬೆಗೂ ಅತ್ತೆ ಯಾರನ್ನೂ ಕೈ ಹಚ್ಚಲು ಬಿಡುತ್ತಿರಲಿಲ್ಲ. ಅದಕ್ಕೇ ತಾನೇ ನೀವು ಪ್ರತಿದಿನ ಆ ಸಾಲಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ, ಸೀಟಿನ ಹಿಂದೆ ಕಮಾನಿನ ಹಾಗೆ ನಿಂತ ಕಬ್ಬಿಣದ ಕಂಬಿಯನ್ನು ಮಡಚಿ, ಕೊಂಬೆಗಳ ಕೆಳಗೆ ತಲೆ ತಗ್ಗಿಸಿ ದಾಟುತ್ತಿದ್ದದ್ದು. ಟ್ರ್ಯಾಕ್ಟರ್ ಮಗುಚಿದರೆ ಕೂತವರ ಮೇಲೆ ಬೀಳದಂತೆ ತಡೆಯುವ ಕಂಬಿ ಅದು. ಆಚೆ ದಾಟಿ ಅದನ್ನು ಮತ್ತೆ ನಿಲ್ಲಿಸಬೇಕು, ಬೆಲ್ಟು ಹಾಕಿಕೊಳ್ಳಬೇಕು. ದಿನಕ್ಕೆ ಹತ್ತು ಸಲ ಮಡಚಿ ಹತ್ತು ಸಲ ಎತ್ತುವವರಿಗೆ ಹನ್ನೊಂದನೆಯ ಸಲ ಬೇಸರ ಬಂದರೆ ಆಶ್ಚರ್ಯವೇನು. ನೀವು ಬಿದ್ದ ದಿನ ಅದು ಮಡಚಿಕೊಂಡೇ ಇತ್ತು. ಸೇಬಿನ ಮರದ ಬುಡವೊಂದು ಅಡ್ಡ ಸಿಕ್ಕಿ ಟ್ರ್ಯಾಕ್ಟರನ್ನು ತಡೆಯದೆ ಹೋಗಿದ್ದರೆ ನಾನು ಈ ಪತ್ರವನ್ನು ಯಾರಿಗೆ ಬರೆಯುತ್ತಿದ್ದೆನೋ.

ಅತ್ತೆ ಮರದ ಬೊಡ್ಡೆಗೆ ಕೈಯಿಟ್ಟು ನಿಂತರು. "ಅವರ ಮರ ಉಳಿಸ್ಕೊಳ್ಳೋಕೆ ಹೋಗಿ ಮಗನ್ನ ಕಳ್ಕೋತಿದ್ದೆ. ಇವತ್ತು ನಿನ್ನನ್ನೂ ಕಳ್ಕೋತಿದ್ದೆ" ಎಂದರು. ನಾನು ಹಾಗೆಲ್ಲ ಅನ್ನಬೇಡಿ ಎಂದೆ. "ನನ್ನ ಮಗ ಒಂದು ಸಲ ಆದ್ರೂ ನನ್ನ ಮೇಲೆ ಬೊಟ್ಟು ಮಾಡಿದ್ರೆ ಇಷ್ಟು ಸಂಕಟ ಆಗ್ತಿರಲಿಲ್ಲ. ಒಂದು ಮಾತೂ ಅನ್ನಲಿಲ್ಲ ನೋಡು ಅವನು" ಎಂದು ಅತ್ತುಬಿಟ್ಟರು. ಮಾವ ಹೋದಾಗಲೂ ನಮ್ಮೆದುರು ಕಣ್ಣೀರು ಹಾಕದ ಹೆಂಗಸು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಆ ಮರದ ಕೆಳಗೆ ಮನಸಾರೆ ಅತ್ತೆವು. ಆಮೇಲೆ ಮೂಗು ಒರೆಸಿಕೊಂಡು, ದಾರಿಗೆ ಬಾಗಿದ ಕೊಂಬೆಗಳ ಹಣ್ಣು ಬಿಡಿಸಿ, ಗರಗಸ ಇಟ್ಟರು. ಮೊದಲ ಕೊಂಬೆ ಅವರೇ ಕೊಯ್ದರು, ನನ್ನ ಕೈಗೆ ಕೊಡಲಿಲ್ಲ. ಮಿಕ್ಕವನ್ನು ಇಬ್ಬರೂ ಸರದಿಯ ಮೇಲೆ ಕೊಯ್ದೆವು. ಗಾಯಕ್ಕೆ ಮುಲಾಮು ಬಳಿದಿದ್ದೇವೆ, ಮರಕ್ಕೇನೂ ಆಗುವುದಿಲ್ಲ, ನೀವು ಗಾಬರಿಯಾಗಬೇಡಿ. ಮಾವ ಇದ್ದಿದ್ದರೆ ಅವರೇ ಕೊಯ್ಯುತ್ತಿದ್ದರು ಎಂದು ಅತ್ತೆಗೆ ಈಗ ಅನಿಸುತ್ತಿದೆಯಂತೆ.

ಕೊಂಬೆಗಳನ್ನು ಎಳೆದು ಬದಿಗೆ ಹಾಕಿ ಬಂದವರೇ ಕೊರಳಿನ ದಾರ ಬಿಚ್ಚಿ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಮರುದಿನ ಬೆಳಿಗ್ಗೆ ಸ್ಪ್ಯಾನರ್ ಮಾಮನನ್ನು ಕರೆಸಿದೆವು. ಕಂಬಿಯ ಮಡಚುವ ಪಿನ್ನು ತೆಗೆದು ಎರಡೂ ಕಡೆ ದಪ್ಪ ಬೋಲ್ಟು ಹಾಕಿ ಬಿಗಿದರು. ವೆಲ್ಡ್ ಮಾಡಿಬಿಡಿ ಎಂದು ಅತ್ತೆ ಹಠ ಹಿಡಿದರು. ಬಿಸಿ ತಾಗಿದರೆ ಕಂಬಿಯ ಗಟ್ಟಿತನ ಹೋಗುತ್ತದೆ, ಬೋಲ್ಟೇ ಸಾಕು ಎಂದು ಅವರನ್ನು ಒಪ್ಪಿಸುವಷ್ಟರಲ್ಲಿ ಮಾಮನಿಗೆ ಸಾಕುಸಾಕಾಯಿತು. "ಕಂಬಿ, ಬೆಲ್ಟು ಎರಡೂ ಗಂಡ ಹೆಂಡ್ತಿ ಇದ್ದ ಹಾಗಮ್ಮ. ಒಂದನ್ನ ಬಿಟ್ಟು ಇನ್ನೊಂದು ಕೆಲಸಕ್ಕೆ ಬರಲ್ಲ" ಎಂದು ನನಗೆ ಪಾಠ ಮಾಡಿದರು. ನಾನು ಸಮತಟ್ಟಿನಲ್ಲಿ ಓಡಿಸಿದವಳೇ ಹೊರತು ಇಳಿಜಾರು ಕಂಡವಳಲ್ಲ. ಮೊದಲು ಖಾಲಿ ಟ್ರ್ಯಾಕ್ಟರಿನಲ್ಲಿ ಹತ್ತಿಸಿ ಇಳಿಸಿದರು. ಅಡ್ಡಡ್ಡ ಹೋಗಕೂಡದು, ನೇರ ಹತ್ತಬೇಕು, ನೇರ ಇಳಿಯಬೇಕು, ಪೆಟ್ಟಿಗೆ ನೆಲಕ್ಕೆ ತಾಗಿತೇನೋ ಎನ್ನುವಷ್ಟು ತಗ್ಗಿನಲ್ಲಿರಬೇಕು ಎಂದರು. ಕೆಳಗಿನ ಗೇರಿನಲ್ಲಿ ಎಷ್ಟು ನಿಧಾನ ಹೋದೆನೆಂದರೆ ಮಾಮ ಪಕ್ಕದಲ್ಲಿ ನಡೆಯುತ್ತ ಅರ್ಧ ದಾರಿಯಲ್ಲಿ ಚಪ್ಪಲಿಯ ಕಲ್ಲು ತೆಗೆದುಕೊಂಡು ಮತ್ತೆ ನನ್ನನ್ನು ಸೇರಿಕೊಂಡರು. ಮಾವನವರ ಮರಗಳ ಕೆಳಗೆ ಕಂಬಿ ನೆಟ್ಟಗೆ ನಿಂತೇ ದಾಟಿತು. ಒಂದು ಎಲೆಯೂ ತಾಗಲಿಲ್ಲ.

ನಿಜ ಹೇಳಲೇ? ನೀವು ಬಿದ್ದ ದಿನ ನಾನು ಓಡಿ ಬಂದದ್ದು ಕೂಗು ಕೇಳಿ ಅಲ್ಲ, ಎಂಜಿನ್ನಿನ ಸದ್ದು ಥಟ್ಟನೆ ನಿಂತದ್ದು ಕೇಳಿ. ಆಮೇಲೆ ಯಾರ ಮನೆಯ ಎಂಜಿನ್ನು ನಿಂತರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಈ ವಾರ ದಿನವಿಡೀ ಅದೇ ಸೀಟಿನ ಮೇಲೆ ಕೂತು, ನಾನೇ ಎಂಜಿನ್ನು ಹಚ್ಚಿ ನಾನೇ ನಿಲ್ಲಿಸಿ, ಆ ಭಯ ಎಲ್ಲೋ ಹೊರಟುಹೋಗಿದೆ. ಶುಕ್ರವಾರ ಲಾರಿ ಬಂದಾಗ ಕೊನೆಯ ಪೆಟ್ಟಿಗೆ ಗೇಟಿನಲ್ಲಿ ಕಾಯುತ್ತಿತ್ತು. ಲಾರಿ ತಿರುವು ದಾಟಿದ ಮೇಲೆ ಅತ್ತೆ ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು "ಅಬ್ಬಾ" ಎಂದರು. ಅಷ್ಟು ನೆಮ್ಮದಿಯ ಅಬ್ಬಾ ನಾನು ಈ ಮನೆಗೆ ಬಂದಮೇಲೆ ಕೇಳಿರಲಿಲ್ಲ. ಆವತ್ತು ನಾವು ಅಡುಗೆ ಮಾಡಲಿಲ್ಲ, ಪೆಟ್ಟು ಬಿದ್ದ ಹಣ್ಣು ಕೊಯ್ದು ತಿಂದು, ಬೆಳಕಿರುವಾಗಲೇ ಹಾಸಿಗೆ ಸೇರಿ ಸತ್ತಂತೆ ನಿದ್ದೆ ಮಾಡಿದೆವು.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಬೇಕಂತೆ. ಅತ್ತಿಗೆಗೆ, ಭಾವನವರಿಗೆ ನನ್ನ ನಮಸ್ಕಾರ. ಆ ವ್ಯಾಯಾಮದ ಹೆಂಗಸಿಗೆ ನನ್ನ ಪರವಾಗಿ ಕ್ಷಮೆ ಕೇಳಿ, ನಾಳೆಯಿಂದ ಹೇಳಿದ ಹಾಗೆ ಕೇಳಿ.

ಮಾತು ಮೀರಿದರೂ ನಿಮ್ಮವಳೇ ಆದ,
ಹೆಂಡತಿ

ತಾ.ಕ.: ಪಟ್ಟಣಕ್ಕೆ ಹೋಗುವ ಹಾಲಿನ ವ್ಯಾನಿನವರು ಗೇಟಿನಲ್ಲಿ ಹಾರ್ನ್ ಮಾಡುತ್ತಿದ್ದಾರೆ, ಬೇಗ ಬರೆದುಬಿಡುತ್ತೇನೆ. ಬೆಳಿಗ್ಗೆ ಗೋದಾಮಿನವರು ಅಳತೆಯ ಟೇಪು ಹಿಡಿದುಕೊಂಡೇ ಬಂದಿದ್ದರು. ಶನಿವಾರ ನೀವೇ ಫೋನ್ ಮಾಡಿ ಹಣ್ಣು ಇಳಿದರೂ ಇಳಿಯದಿದ್ದರೂ ತೋಟ ಕೊಡುತ್ತೇನೆ ಎಂದಿರಂತೆ. ನಮ್ಮ ಒಪ್ಪಂದ ಹಾಗಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಿಮಗೆ ಹೆದರಿಕೆಯಾಗಿದೆ ಎಂದು ತಿಳಿಯಿತು, ತೋಟದ ಬಗ್ಗೆಯಲ್ಲ, ನನ್ನ ಜೀವದ ಬಗ್ಗೆ. ಅತ್ತೆ ಟೇಪು ಸುತ್ತಿ ಅವರ ಕೈಗೆ ಕೊಟ್ಟು ಕಳಿಸಿದರು. ಮುಂದಿನ ಭಾನುವಾರ ಬನ್ನಿ, ನಾನೇ ಬಂದು ಕರೆದುಕೊಂಡು ಬರುತ್ತೇನೆ. ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸುತ್ತೇನೆ, ನಾನು ಇಳಿಜಾರು ಹತ್ತಿ ಇಳಿಯುವುದನ್ನು ಒಂದು ದಿನ ಪೂರ್ತಿ ನೋಡಿ. ಸಂಜೆಗೂ ಮಾರಬೇಕು ಅನಿಸಿದರೆ ಮೊದಲ ಸಹಿ ನನ್ನದು.