ಫಕೀರವ್ವನ ಒಲೆ

ಬೆಟಗೇರಿ, ಇಸವಿ ೨೧೭೧, ಹದಿಮೂರನೆಯ ತಿಂಗಳು

ಹಿಂದಿನ ಕಾಲದ ಹಿರಿಯರಿಗೆ ಶರಾವತಿಯ ನಮಸ್ಕಾರಗಳು.

ತಾರೀಖು ಬರೆಯುವಾಗ ನಾನು ತಪ್ಪು ಮಾಡಿಲ್ಲ. ಬೇಸಿಗೆ ಹಿಗ್ಗಿದ್ದರಿಂದ ವರ್ಷವನ್ನು ಹದಿಮೂರಾಗಿ ಹಂಚಿ, ಯುಗಾದಿಯ ಮುಂಚಿನ ತಿಂಗಳಿಗೆ ಉರಿಮಾಸವೆಂದು ಹೆಸರಿಟ್ಟಿದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ಹೊಸದೆನಿಸಿದರೆ ಕ್ಷಮಿಸಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದಕ್ಕೂ ಕ್ಷಮೆಯಿರಲಿ.

ಈ ವರ್ಷವಷ್ಟೇ ನಾನು ಮರಳಿಗಿತ್ತಿಯಾದೆ. ವಯಸ್ಸಾದವರನ್ನು, ಕೈಲಾಗದವರನ್ನು ಇಟ್ಟು ನೋಡಿಕೊಳ್ಳುವ ಪಾಲನಾಲಯಗಳಲ್ಲಿ ಉಳಿದುಹೋದವರನ್ನು ಅವರವರ ಓಣಿಗೆ ಕರೆತಂದು, ಅಲ್ಲಿ ಮತ್ತೆ ಬದುಕು ಕುದುರುವವರೆಗೆ ಜೊತೆಗಿರುವವರಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಬಚ್ಚಲಿಗೆ ಹಿಡಿಕೆ ಹಾಕಿಸುವುದು, ಸಂತೆಗೆ ಜೊತೆಯಲ್ಲಿ ಹೋಗುವುದು, ಗಂಟೆ ಬಾರಿಸದಿದ್ದರೂ ಹಸಿವಾದಾಗ ಉಣ್ಣಬಹುದೆಂದು ನೆನಪಿಸುವುದು ನಮ್ಮ ಕೆಲಸ. ಪಾಲನಾಲಯ ಕೆಟ್ಟ ಜಾಗವೇನಲ್ಲ. ತಂಪಾಗಿದೆ, ಚೊಕ್ಕಟವಾಗಿದೆ, ಹಾಸಿಗೆ ಮೆತ್ತಗಿದೆ. ಸುಟ್ಟುಕೊಂಡಾರೆಂದು ಚಹಾವನ್ನೂ ಆರಿಸಿಯೇ ಕೊಡುತ್ತಾರೆ.

ನನ್ನ ಪಾಲಿಗೆ ಮೊದಲು ಬಂದವರು ಫಕೀರವ್ವ. ಸೊಂಟ ಮುರಿದುಕೊಂಡು ಅಲ್ಲಿಗೆ ಹೋದವರು. ಮೂಳೆ ಕೂಡಿ ಎಷ್ಟೋ ಕಾಲವಾಗಿದೆ, ವಾಪಸು ಕರೆತರಬೇಕೆಂದು ಯಾರಿಗೂ ಹೊಳೆದಿಲ್ಲ. ನಾನು ಹೋದಾಗಲೆಲ್ಲ ಲೋಟ ಎತ್ತಿ ತೋರಿಸಿ, ಇದು ಚಹಾ ಅಲ್ಲ, ಪಾತ್ರಿ ತೊಳದ ನೀರು ಅಂತ ಇಡೀ ಪಡಸಾಲೆಗೆ ಕೇಳುವಂತೆ ಬೈಯುತ್ತಿದ್ದರು. ತಮ್ಮ ಒಲೆಯ ಮೇಲೆ ಶುಂಠಿ ಜಜ್ಜಿ ಹಾಕಿ ಚಹಾ ಕುದಿಸಬೇಕು. ಅವರ ಆಸೆ ಅಷ್ಟೇ.

ಮರಳುವವರಿಗೆ ಓಣಿಮಾತು ಬೇಕು. ಅಕ್ಕಪಕ್ಕದವರೆಲ್ಲ ಆ ಮನೆಯ ಹೊಸ್ತಿಲ ಮುಂದೆ ನಿಂತು ತಾವೇನು ಮಾಡುತ್ತೇವೆಂದು ಬಾಯಿಬಿಟ್ಟು ಹೇಳಬೇಕು; ಒಬ್ಬರು ಒಲ್ಲೆ ಎಂದರೂ ಕೆಲಸ ನಿಂತಂತೆಯೇ. ಒಬ್ಬಾಕೆ ನೀರು ತುಂಬುತ್ತೇನೆಂದಳು, ಇನ್ನೊಬ್ಬಾಕೆ ಬೆಳಿಗ್ಗೆ ಬಾಗಿಲು ಬಡಿಯುತ್ತೇನೆಂದಳು. ಗೋಡೆಗೆ ಗೋಡೆ ಹತ್ತಿದ ಮನೆಯ ಚನಮಲ್ಲಪ್ಪ ಕೊನೆಗೆ ಬಂದ. ದಿನಾ ರೊಟ್ಟಿ-ಪಲ್ಯ ತಾನೇ ತಂದುಕೊಡುವೆ, ಆದರೆ ಮನೆಯಲ್ಲಿ ಒಲೆ ಬೇಡ ಎಂದ. ಮುದುಕಿ ಬೆಂಕಿ ಹಚ್ಚಿ ಮರೆತರೆ ಈ ಬಿಸಿಲಿಗೆ ಓಣಿಯೇ ಉರಿದುಹೋದೀತೆಂದು ಅವನ ಭಯ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕೈಕಾಲು ಹಿಡಿದೆ, ಬಗ್ಗಲಿಲ್ಲ.

ಒಲೆ ತೆಗೆಸಿ ಕರೆತರುತ್ತೇನೆಂದು ಫಕೀರವ್ವನ ಮುಂದೆ ಹೇಳಿದೆ. ಒಲಿ ಇಲ್ಲದ ಮನಿ ಅಂದ್ರ ಇದೂ ಅದೂ ಒಂದ ಆತಲ್ಲವಾ ತಂಗಿ, ಅಲ್ಲಿಗ್ಯಾಕ ಬರ್ಲಿ, ಅಂದರು. ಅವರು ಬಂದೇ ಬರುತ್ತಾರೆಂದು ನಾನು ಗುಡಿಸಿ ಸಾರಿಸಿಟ್ಟ ಮನೆ ಹಾಗೇ ಇದೆ. ಒಲೆಯ ಪಕ್ಕ ಶುಂಠಿ ಒಣಗಿ ಹೋಗಿದೆ.

ಹಳೆಯ ಕಾಲವನ್ನು ಬಲ್ಲವರು ಹೇಳುತ್ತಾರೆ, ಇದೆಲ್ಲ ನಿಮ್ಮ ಅಡುಗೆಮನೆಗಳಲ್ಲೇ ಶುರುವಾಯಿತಂತೆ. ಪ್ರೀತಿಯಿಂದಲೇ ಮಾಡಿದಿರಂತೆ. ನೀನು ಕೂತಿರವ್ವ, ಸುಟ್ಟುಕೊಂಡೀಯ ಎಂದು ಮುಪ್ಪಾದ ತಾಯಂದಿರ ಕೈಯಿಂದ ಬೆಂಕಿಪೆಟ್ಟಿಗೆ ಇಸಿದುಕೊಂಡಿರಂತೆ. ಕೇಳುವುದೊಂದೇ: ಇಸಿದುಕೊಳ್ಳಬೇಡಿ. ಭಯವಾದರೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತುಬಿಡಿ, ಅವರು ಕುದಿಸಿದ್ದನ್ನು ಕುಡಿಯಿರಿ.

ನಾನಿನ್ನೂ ಚನಮಲ್ಲಪ್ಪನ ಬಾಗಿಲಿಗೆ ಹೋಗುತ್ತಲೇ ಇದ್ದೇನೆ. ಅವನು ಒಪ್ಪಿದನೇನು ಎಂದು ಫಕೀರವ್ವ ಪ್ರತಿಸಲ ಕೇಳುತ್ತಿದ್ದರು. ನಿನ್ನೆ ಕೇಳಲಿಲ್ಲ. ಆರಿದ ಚಹಾ ಬಂತು. ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಚೊಲೋ ಐತಿ ಅಂದರು.