ಇಸ್ತ್ರಿ ನಿಲ್ಲದ ಹಾಡು

ಅಪ್ಪನ ಟೈಲರಿಂಗ್ ಅಂಗಡಿ, ಹಿಂದಿನ ಕೋಣೆ
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯ? ಗಂಟಲು ಕಟ್ಟಿದೆ ಅಂತ ಬರೆದಿದ್ದೆಯಲ್ಲ, ಈಗ ಬಿಟ್ಟಿತಾ? ತಂಡದ ವ್ಯಾನಿನಲ್ಲಿ ಕಿಟಕಿ ಪಕ್ಕ ಮಲಗಬೇಡ, ಆ ಜಾಗ ಡ್ರಮ್ಮಿನವನಿಗೆ ಬಿಟ್ಟುಕೊಡು, ಅವನ ಮೈಗೆ ಗಾಳಿ ತಾಗಿದರೂ ಗೊತ್ತಾಗುವುದಿಲ್ಲ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಅಪ್ಪನಿಗೆ ಕೈತುಂಬಾ ಕೆಲಸ. ಸೂಟು ಹೊಲಿಸುವವರೆಲ್ಲ ಒಟ್ಟಿಗೆ ಬಂದಿದ್ದಾರೆ, ಎಲ್ಲರಿಗೂ ನಾಳೆಯೇ ಬೇಕಂತೆ. ನಾನೂ ಭಾನುವಾರ ಇಲ್ಲಿ ಇಸ್ತ್ರಿ ಹಾಕಲು ಬರುವುದನ್ನು ಬಿಟ್ಟಿಲ್ಲ. ಹಾಡುಗಳ ವಿಮರ್ಶೆ ಬರೆಯುವವಳು ಇಸ್ತ್ರಿಯನ್ನೂ ಹಾಕುತ್ತಾಳೆ ಅಂತ ನಮ್ಮ ಪತ್ರಿಕೆಯ ಸಂಪಾದಕರಿಗೆ ತಿಳಿದರೆ ಅವರ ಅಂಗಿಗಳೂ ಬಂದು ಬೀಳುತ್ತವೆ.

ನೀನು ಕಳಿಸಿದ ಸಿ.ಡಿ. ಬಂತು. ಆ ಸಿನಿಮಾಕ್ಕೆಂದು ಆಲ್ಟರ್ನೇಟಿವ್ ರಾಕ್ ತಂಡಗಳನ್ನೆಲ್ಲ ಗುಡ್ಡೆಹಾಕಿ ಮಾಡಿದ ಆಲ್ಬಮ್ಮಿನಲ್ಲಿ ನಿಮ್ಮದೂ ಒಂದು ಹಾಡು ಬಂದದ್ದು ಸಣ್ಣ ಮಾತಲ್ಲ. ಕವರಿನ ಒಳಗಿನ ಫೋಟೋದಲ್ಲಿ ನೀನು ನೆಲ ನೋಡುತ್ತಾ ನಿಂತಿದ್ದೀಯ. ಪತ್ರಿಕೆಗೆ ಇದರ ವಿಮರ್ಶೆಯನ್ನು ನಾನು ಬರೆಯುವುದಿಲ್ಲ, ಸಿನಿಮಾ ನೋಡುವ ಸಹೋದ್ಯೋಗಿಗೆ ಕೊಡಿಸಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಒಡಹುಟ್ಟಿದವರ ಪಾಡೂ ಅದೇ. ಆದರೆ ನೀನು ಕೇಳಿದ್ದು ಬೇರೆ. ಬೇರೆಯವರ ಹಾಡನ್ನು ಅಳೆಯುವ ಹಾಗೇ ನನ್ನದನ್ನೂ ಅಳೆ, ಚೆನ್ನಾಗಿಲ್ಲ ಅಂದರೆ ತಂಡ ಬಿಟ್ಟುಬಿಡುತ್ತೇನೆ ಅಂತ ಬರೆದಿದ್ದೀಯ. ಇಷ್ಟು ದೊಡ್ಡ ಕತ್ತರಿಯನ್ನು ಅಕ್ಕನ ಕೈಗೆ ಕೊಡಬಾರದಿತ್ತು. ಕೊಟ್ಟಿದ್ದೀಯ, ಅಳೆದಿದ್ದೇನೆ.

ನನ್ನ ಪದ್ಧತಿ ನಿನಗೆ ಗೊತ್ತು. ಹೊಸ ಆಲ್ಬಮ್ಮನ್ನು ಮೊದಲ ಸಲ ನಾನು ಕೂತು ಕೇಳುವುದಿಲ್ಲ, ಇಸ್ತ್ರಿ ಹಾಕುತ್ತಾ ಕೇಳುತ್ತೇನೆ. ಕೈ ತಾನಾಗಿ ನಿಂತರೆ ಆ ಹಾಡಿನಲ್ಲಿ ಏನೋ ಇದೆ ಅಂತ ಲೆಕ್ಕ. ಕೈ ನಿಂತಾಗ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿಯುವಷ್ಟು ಎಚ್ಚರ ಇರಬೇಕು, ಅಷ್ಟೇ. ಹೋದ ಭಾನುವಾರ ಅಪ್ಪ ಗುಂಡಿ ತರಲು ಹೋಗಿದ್ದಾಗ ಹಾಕಿದೆ. ಮೊದಲಿಗೆ ಇಡೀ ಆಲ್ಬಮ್ಮಿನ ಮಾತು ಹೇಳುತ್ತೇನೆ. ತಂಡಗಳು ಬೇರೆ ಬೇರೆ, ದುಃಖ ಮಾತ್ರ ಎಲ್ಲರೂ ಒಂದೇ ಅಂಗಡಿಯಲ್ಲಿ ತಂದ ಹಾಗಿದೆ. ಸಿನಿಮಾ ನೋಡದೆ ಹಾಡು ಮಾಡಿಕೊಟ್ಟಿದ್ದಾರೆ ಅನ್ನುವುದು ಎರಡನೇ ಹಾಡಿಗೇ ತಿಳಿಯುತ್ತದೆ. ಅಬ್ಬರದವೆಲ್ಲ ಮುಂದೆ, ಮೆತ್ತಗಿನವೆಲ್ಲ ಹಿಂದೆ. ಜೋಡಿಸಿದವನಿಗೆ ಮೂಟೆ ಕಟ್ಟುವುದು ಗೊತ್ತು, ಹೊಲಿಯುವುದು ಗೊತ್ತಿಲ್ಲ. ಆದರೂ ಮುದಿ ದನಿಯ ಆ ಹೆಂಗಸು ಬರೀ ಬೇಸ್ ಗಿಟಾರ್ ಇಟ್ಟುಕೊಂಡು ಹಾಡಿದ್ದಾಳಲ್ಲ, ಅಲ್ಲಿ ನನ್ನ ಕೈ ನಿಂತಿತು. ಕಾಲರ್ ಅರ್ಧಕ್ಕೇ ಉಳಿಯಿತು. ಈ ಆಲ್ಬಮ್ಮನ್ನು ಕೊಳ್ಳುವುದಾದರೆ ಅವಳೊಬ್ಬಳಿಗಾಗಿ ಕೊಳ್ಳಬಹುದು.

ಇನ್ನು ನಿಮ್ಮ ಹಾಡು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ನೀನು ದೂರ ಇದ್ದೀಯ ಅನ್ನುವ ಧೈರ್ಯದಿಂದ ಹೇಳುತ್ತೇನೆ. ನಿಮ್ಮ ಹಾಡು ಮುಗಿಯುವುದರೊಳಗೆ ಎರಡು ಅಂಗಿ ಮುಗಿಸಿದೆ, ಒಂದು ಸುಕ್ಕೂ ಉಳಿಯಲಿಲ್ಲ. ರಾಗ ಒಳ್ಳೆಯದು, ಮಾತುಗಳು ನಿನ್ನವೇ, ಅವೂ ಒಳ್ಳೆಯವು. ಆದರೆ ಎರಡು ಗಿಟಾರು, ಅದರ ಮೇಲೆ ಡ್ರಮ್ಮು, ಅದರ ಮೇಲೆ ಮತ್ತೆ ಅದೇನೋ ಗುಂಯ್ ಅನ್ನುವ ಸದ್ದು, ಇಷ್ಟರ ಕೆಳಗೆ ನೀನು ಹೊದ್ದು ಮಲಗಿದ್ದೀಯ. ಮೂಗಿಗಿಂತ ಮೂಗುತಿ ಭಾರ. ಒಂದೇ ಒಂದು ಕಡೆ ನನ್ನ ಕೈ ತಡೆಯಿತು. ಹಾಡು ಮುಗಿದ ಮೇಲೆ ಗಿಟಾರನ್ನು ಕೆಳಗಿಡುವ ಸದ್ದು, ಆಮೇಲೆ ನಿನ್ನ ನಗು. ಅದನ್ನು ಅಳಿಸಲು ಮರೆತಿರೋ, ಬೇಕೆಂದೇ ಬಿಟ್ಟಿರೋ, ಅಷ್ಟೂ ಹೊತ್ತಿನಲ್ಲಿ ನೀನು ಅಲ್ಲಿದ್ದೆ ಅಂತ ಅನ್ನಿಸಿದ್ದು ಆಗ ಮಾತ್ರ.

ಯಾಕೆ ಹೀಗೆ ಅಡಗಿದ್ದೀಯ ಅಂತ ನನಗೆ ಗೊತ್ತು. ನೀನು ತಂಡದ ಜೊತೆ ಹೊರಟ ದಿನ ಅಪ್ಪ ಇದೇ ಕೋಣೆಯಲ್ಲಿ, ನಿನ್ನ ಗೆಳೆಯರ ಎದುರಿಗೇ, "ಬಾಯೊಳಗೇ ಗೊಣಗ್ತೀಯಲ್ಲೋ, ಯಾರಿಗೆ ಕೇಳ್ಸುತ್ತೆ ನಿನ್ನ ಹಾಡು?" ಅಂದರು. ಆವತ್ತಿನಿಂದ ನೀನು ಅವರ ಜೊತೆ ಮಾತು ಬಿಟ್ಟೆ, ಅವರು ನಿನ್ನ ಹೆಸರು ಎತ್ತುವುದನ್ನು ಬಿಟ್ಟರು. ನಡುವೆ ನಾನು ಮತ್ತು ಅಮ್ಮ ಒನಕೆಗೆ ಸಿಕ್ಕಿದ ಕಾಳಿನ ಹಾಗೆ ಸಿಕ್ಕಿದ್ದೇವೆ. ನನಗೆ ಇದು ಸಾಕಾಗಿದೆ, ಬೇಜಾರೂ ಆಗಿದೆ. ಆದರೆ ತಂಡ ಬಿಡು ಅಂತ ನಾನು ಹೇಳುತ್ತಿಲ್ಲ. ಕೆಟ್ಟ ಹಾಡಿಗೆ ಮದ್ದಿಲ್ಲ, ಅಡಗಿದ ಹಾಡಿಗಿದೆ. ಒಂದು ಗಿಟಾರನ್ನು ತೆಗೆದುಹಾಕಿ ಇನ್ನೊಮ್ಮೆ ಹಾಡು, ಇನ್ನೊಮ್ಮೆ ಕಳಿಸು. ಆಗಲೂ ಕೈ ನಿಲ್ಲದಿದ್ದರೆ ಮುಲಾಜಿಲ್ಲದೆ ಹೇಳುತ್ತೇನೆ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ಬಿಸಿನೀರು ಕುಡಿ ಅಂದಿದ್ದಾಳೆ. ಡ್ರಮ್ಮಿನವನಿಗೆ ನನ್ನ ನೆನಪು ತಿಳಿಸು, ಕಿಟಕಿಯ ಮಾತು ತಿಳಿಸಬೇಡ.

ಬೈದರೂ ನಿನ್ನವಳೇ ಆದ,
ಅಕ್ಕ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ತರಲು ಪಕ್ಕದ ಅಂಗಡಿಗೆ ಹೋಗಿ ಬರುವುದರೊಳಗೆ ಕೋಣೆಯೆಲ್ಲ ಸುಟ್ಟ ವಾಸನೆ. ಅಪ್ಪ ಮೇಜಿನ ಮೇಲಿದ್ದ ಸಿ.ಡಿ. ಕವರಿನಲ್ಲಿ ನಿನ್ನ ಫೋಟೋ ನೋಡಿ ತಾವೇ ನಿಮ್ಮ ಹಾಡು ಹಾಕಿಕೊಂಡಿದ್ದಾರೆ. ನಾಳೆ ಕೊಡಬೇಕಾದ ಸೂಟಿನ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಮೂಡಿದೆ. ನನಗೆ ತಿಳಿದ ಮಟ್ಟಿಗೆ ಅಪ್ಪ ಬಟ್ಟೆ ಸುಟ್ಟದ್ದು ಇದೇ ಮೊದಲು. ಹಾಡು ನಿಲ್ಲಿಸಿ ಏನಾಯಿತು ಅಂತ ಕೇಳಿದರೆ, "ಇವ್ನು ಎಲ್ಲಿ ಹಾಡ್ತಿದಾನೆ ಅಂತ ಹುಡುಕ್ತಾ ಇದ್ದೆ, ಸಿಕ್ಕೋದ್ರೊಳಗೆ ನೀನು ಬಂದು ನಿಲ್ಸಿದೆ" ಅಂದರು. ಇದನ್ನು ಹಾಡಿಗೆ ಸಿಕ್ಕ ಅಂಕ ಅಂದುಕೊಳ್ಳಬೇಡ, ನನ್ನ ಮಾತು ಮೇಲೆ ಬರೆದ ಹಾಗೇ ಇದೆ. ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡು ಹಾಡನ್ನು ಮತ್ತೆ ಮೊದಲಿಂದ ಹಾಕಿದೆ. ಅಪ್ಪ ಕತ್ತರಿಯನ್ನೂ ಮುಟ್ಟದೆ, ಕಿವಿಯನ್ನು ಸ್ಪೀಕರಿಗೆ ಹಚ್ಚಿಕೊಂಡು ಕೊನೆಯವರೆಗೂ ನಿಂತಿದ್ದರು. ನಿನ್ನ ನಗು ಬಂದಾಗ ತಲೆ ಎತ್ತಿ, "ಅಗೋ, ಅಲ್ಲಿದಾನೆ" ಅಂದರು.